'ತೊಂದರೆ ಇಲ್ಲ' ಎಂದವರಲ್ಲಿ ನಾನೂ ಒಬ್ಬ

ಆಸ್ಪತ್ರೆಯ ಔಷಧ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಹೃದ್ರೋಗ ವಿಭಾಗದ ಗೋಡೆಗೆ ಅಂಟಿಸಿರುವ ವರದಿಯಲ್ಲಿ ಒಂದು ಸುಳ್ಳಿದೆ. ಅದನ್ನು ಬರೆದುಕೊಟ್ಟವನು ನಾನು. ಎದೆಬಡಿತ ಲಯ ತಪ್ಪುವ ಕಾಯಿಲೆಯ ನಮಗೆಲ್ಲ ನೀವು ಬಡಿತವನ್ನು ಹತೋಟಿಯಲ್ಲಿಡುವ ಬೀಟಾ ಬ್ಲಾಕರ್ ಗುಂಪಿನ ಒಂದು ಮಾತ್ರೆ ಬಿಡಿಸಿ ಇನ್ನೊಂದು ಕೊಟ್ಟಿರಿ. ಬಳಿಕ ನೂರ ಹನ್ನೆರಡು ರೋಗಿಗಳ ಅಭಿಪ್ರಾಯ ಪಡೆದು, ನೂರ ಏಳು ಮಂದಿಗೆ 'ಯಾವ ತೊಂದರೆಯೂ ಇಲ್ಲ' ಎಂದು ಸಾರಿದಿರಿ. ಆ ನೂರ ಏಳರಲ್ಲಿ ನಾನೊಬ್ಬ. ನನಗೆ ತೊಂದರೆ ಇತ್ತು. ನನ್ನ ಮಾತು ನಂಬಿದ ಹೆಂಗಸೊಬ್ಬರು ಎಂಟು ದಿನ ನಿಮ್ಮದೇ ವಾರ್ಡಿನಲ್ಲಿ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಸಿಕೊಂಡು ಮಲಗಿದ್ದರು. ಆದ್ದರಿಂದ ಈ ಪತ್ರದಲ್ಲಿ ದೂರು ಅರ್ಧ, ತಪ್ಪೊಪ್ಪಿಗೆ ಅರ್ಧ. ನಿಮ್ಮ ಪಾಲು ಯಾವುದೆಂದು ಓದಿ ತಿಳಿದುಕೊಳ್ಳಿ.

ನಾನು ಮೂವತ್ತೊಂದು ವರ್ಷ ಶಾಲೆಯೊಂದರಲ್ಲಿ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಂಡವನು. ಪುಸ್ತಕದ ಉತ್ತರಕ್ಕೆ ಹೊಂದುವಂತೆ ರೀಡಿಂಗ್ ತಿದ್ದುವ ಮಕ್ಕಳ ನೋಟ್‌ಬುಕ್ಕಿಗೆ ಕೆಂಪು ಗೀಟು ಎಳೆದು, "ಬರಬೇಕಾದ್ದು ಬರೀಬೇಡ, ಬಂದದ್ದು ಬರಿ" ಎಂದು ಗದರುತ್ತಿದ್ದವನು. ಹೊಸ ಮಾತ್ರೆ ಶುರುವಾದ ಎರಡನೇ ವಾರಕ್ಕೇ ನನ್ನ ಕೈಬೆರಳು ತಣ್ಣಗಾದವು. ಮನೆಯ ಹತ್ತೊಂಬತ್ತು ಮೆಟ್ಟಿಲಲ್ಲಿ ಹತ್ತನೆಯದರ ಮೇಲೆ ಕೂರತೊಡಗಿದೆ. "ಏನ್ರೀ ಅದು, ಮೆಟ್ಟಿಲ ಮೇಲೆ ಧ್ಯಾನ?" ಎಂದು ಹೆಂಡತಿ ಕೇಳಿದರೆ, ಚಪ್ಪಲಿಯ ಬಾರು ಸರಿಮಾಡುವ ನಾಟಕ ಆಡುತ್ತಿದ್ದೆ.

ನಿಮ್ಮ ಅಭಿಪ್ರಾಯ ಸಂಗ್ರಹದ ವೈಭವವನ್ನು ನೀವು ನೋಡಿರಲಿಕ್ಕಿಲ್ಲ, ಹೇಳುತ್ತೇನೆ. ಔಷಧ ಕೌಂಟರಿನಲ್ಲಿ ಒಂದು ಚೀಟಿ. ಅದರಲ್ಲಿ ಎರಡು ಚೌಕ: ತೊಂದರೆ ಇದೆ, ತೊಂದರೆ ಇಲ್ಲ. ಏನು ತೊಂದರೆ ಎಂದು ಬರೆಯಲು ಒಂದು ಗೆರೆಯೂ ಇಲ್ಲ. "ತೊಂದರೆ ಇದೆ ಅಂತ ಹಾಕಿದ್ರೆ?" ಎಂದು ಕೇಳಿದೆ. ಕೌಂಟರಿನ ಹುಡುಗಿ ಪಾಪ, ತಲೆ ಎತ್ತಲೂ ಪುರುಸೊತ್ತಿಲ್ಲದೆ, "ಮತ್ತೆ ಟೋಕನ್ ತಗೊಂಡು ಡಾಕ್ಟರ್ ಹತ್ರ ಹೋಗ್ಬೇಕು ಸರ್. ಇವತ್ತಿನ ಟೋಕನ್ ಮುಗಿದಿದೆ" ಎಂದಳು. ತೊಂದರೆ ಇದ್ದವರಿಗೆ ಇನ್ನಷ್ಟು ತೊಂದರೆ ಕೊಡುವ ಈ ಏರ್ಪಾಟಿನಲ್ಲಿ ನೂರ ಏಳು ಮಂದಿ ಸುಖವಾಗಿದ್ದರೆ ಆಶ್ಚರ್ಯವೇನು? ಉಳಿದ ಐವರಿಗೆ ನೀವು ಸನ್ಮಾನ ಮಾಡಬೇಕಿತ್ತು.

ಆದರೆ ಟೋಕನ್ನಿನ ಮೇಲೆ ಹೊರಿಸಿ ನಾನು ಜಾರಿಕೊಳ್ಳಲಾರೆ. ಹಿಂದಿನ ಸಲ ಡಾಕ್ಟರು, "ನಿಮ್ಮಂಥ ಪೇಷಂಟ್ ಹತ್ತು ಜನ ಇದ್ರೆ ಸಾಕು ಮೇಷ್ಟ್ರೇ, ಒಂದು ಗೊಣಗಾಟ ಇಲ್ಲ" ಎಂದಿದ್ದರು. ಅರವತ್ತಾರನೇ ವಯಸ್ಸಿನಲ್ಲಿ ಸಿಕ್ಕ ಆ ಹೊಗಳಿಕೆಯನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಚೀಟಿ ಹಿಡಿದು ಬೆಂಚಿಗೆ ಬಂದು, 'ತೊಂದರೆ ಇಲ್ಲ' ಎಂಬಲ್ಲಿ ಗುರುತು ಹಾಕಿದೆ. ಅಷ್ಟೇ ಕಾರಣ.

ಪಕ್ಕದಲ್ಲಿ ಪರದೆ ಹೊಲಿಯುವ ಅಕ್ಕ ಕೂತಿದ್ದರು. ಮೂರು ವರ್ಷದಿಂದ ಅದೇ ಬೆಂಚಿನ ಪರಿಚಯ. ಅವರಿಗೂ ಮಾತ್ರೆ ಬದಲಾಗಿ ಹದಿನೈದು ದಿನವಾಗಿತ್ತು.

"ಮೇಷ್ಟ್ರೇ, ಈ ಹೊಸದು ನಿಮಗೆ ಹೇಗಿದೆ? ನನಗ್ಯಾಕೋ ಒಂದೇ ಸಮ ಕೆಮ್ಮು. ಉಸಿರು ಬಿಟ್ರೆ ಎದೇಲಿ ಸುಂಯ್ ಅನ್ನತ್ತೆ. ಡಾಕ್ಟರ್‌ಗೆ ಹೇಳ್ಲಾ ಅಂತ."

"ಬಟ್ಟೆ ಧೂಳಿರ್ಬೇಕು ಅಕ್ಕಾ. ಮೈ ಒಗ್ಗಿಕೊಳ್ಳೋಕೆ ಸ್ವಲ್ಪ ದಿನ ಬೇಕು."

"ನಿಮಗೇನೂ ಆಗ್ಲಿಲ್ವಾ?"

"ಏನೂ ಇಲ್ಲ. ಗುಂಡುಕಲ್ಲಿನ ಹಾಗಿದ್ದೀನಿ."

ಅವರು ಬಗ್ಗಿ ನನ್ನ ಚೀಟಿ ನೋಡಿದರು. ನಾನು ಗುರುತು ಹಾಕಿದ್ದ ಚೌಕದಲ್ಲೇ ತಮ್ಮದನ್ನೂ ಹಾಕಿದರು. ಪಕ್ಕದವನನ್ನು ನೋಡಿ ಬರೆಯುವ ಮಕ್ಕಳನ್ನು ಜೀವಮಾನವಿಡೀ ಹಿಡಿದ ನಾನು ಅವತ್ತು ಸುಮ್ಮನೆ ಕೂತಿದ್ದೆ.

ಅದಾದ ಒಂಬತ್ತನೇ ದಿನ ಹೊಲಿಗೆ ಯಂತ್ರದ ಮುಂದೆಯೇ ಅವರಿಗೆ ಉಸಿರು ಕಟ್ಟಿತು. ಮಗಳು ಆಟೋದಲ್ಲಿ ಹಾಕಿಕೊಂಡು ಬಂದಳಂತೆ. ಅವರಿಗೆ ಹಳೆಯ ಆಸ್ತಮಾ ಇತ್ತು. ಅಂಥವರಿಗೆ ಈ ಹೊಸ ಮಾತ್ರೆ ಉಸಿರುನಾಳವನ್ನು ಬಿಗಿಸಬಹುದು ಎಂದು ವಾರ್ಡಿನ ಡಾಕ್ಟರು ಹೇಳಿದರು. ಆಸ್ತಮಾದ ಸಂಗತಿ ಅವರ ಕಡತದ ಮೂರನೇ ಪುಟದಲ್ಲೇ ಇದೆ. ಬದಲಿಸುವ ಮುನ್ನ ಅದನ್ನು ತೆರೆದವರು ಯಾರು? ನಿಮ್ಮ ಸುತ್ತೋಲೆಯ ಪ್ರಕಾರ ಎರಡು ಮಾತ್ರೆಗಳೂ 'ಒಂದೇ ಗುಂಪಿನವು', ಪುಟ ತಿರುವುವ ಅಗತ್ಯವೇ ಇಲ್ಲ. ಒಂದೇ ಮನೆಯ ಅಣ್ಣತಮ್ಮಂದಿರಾದ ಮಾತ್ರಕ್ಕೆ ಇಬ್ಬರ ಸ್ವಭಾವವೂ ಒಂದೇ ಆಗಿಬಿಡುತ್ತದೆಯೇ, ಸ್ವಾಮೀ?

ವಾರ್ಡಿಗೆ ಹೋದೆ. ಅಕ್ಕ ದಿಂಬಿಗೆ ಒರಗಿ ಕೂತಿದ್ದರು.

"ನಿಮಗೂ ಏನೋ ಆಗ್ತಿತ್ತು ಅಲ್ವಾ ಮೇಷ್ಟ್ರೇ? ಅವತ್ತು ಪೆನ್ನು ಹಿಡಿದ ಬೆರಳು ನೀಲಿಯಾಗಿತ್ತು. ನೋಡ್ದೆ ನಾನು."

"ಹೌದು ಅಕ್ಕಾ."

"ಮತ್ತೆ ಏನೂ ಇಲ್ಲ ಅಂದ್ರಲ್ಲ? ಓದಿದವರು ಹೇಳ್ತಿದಾರಲ್ಲ, ನನ್ನ ಕಣ್ಣೇ ತಪ್ಪಿರ್ಬೇಕು ಅಂದ್ಕೊಂಡೆ."

ನಾನು ಬೆರಳುಗಳನ್ನು ಜೇಬಿಗೆ ಇಳಿಸಿದೆ. ಅವರೇ, "ಹೋಗ್ಲಿ ಬಿಡಿ. ನೀವು ಮಾತ್ರೆ ಬದಲಾಯಿಸಿಕೊಂಡ್ರಾ?" ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಅಕ್ಕ ಈಗ ಮನೆಯಲ್ಲಿದ್ದಾರೆ. ಹೊಂದುವ ಬೇರೆ ಮಾತ್ರೆ ಸಿಕ್ಕಿದೆ, ಅರ್ಧ ದಿನ ಹೊಲಿಯುತ್ತಾರೆ. ನಾನೂ ಡಾಕ್ಟರಿಗೆ ನಿಜ ಹೇಳಿ ಮಾತ್ರೆ ಬದಲಿಸಿಕೊಂಡೆ. (ಇದನ್ನು ಓದಿ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬೇಡಿ, ಥಟ್ಟನೆ ಬಿಟ್ಟರೆ ಇನ್ನೂ ಅಪಾಯ.) ನನ್ನ ಚೀಟಿ ತಿದ್ದಲು ನಿಮ್ಮ ಕಚೇರಿಗೆ ಎರಡು ಅರ್ಜಿ ಕೊಟ್ಟೆ. 'ಒಮ್ಮೆ ಸಲ್ಲಿಸಿದ ಅಭಿಪ್ರಾಯವನ್ನು ಬದಲಿಸಲು ಅವಕಾಶವಿಲ್ಲ' ಎಂದು ಉತ್ತರ ಬಂತು. ಮಾತ್ರೆ ಬದಲಿಸಲು ಒಂದು ಸಾಲಿನ ಸುತ್ತೋಲೆ ಸಾಕು, ಸುಳ್ಳು ಬದಲಿಸಲು ಅವಕಾಶವೇ ಇಲ್ಲ!

ಬರುವ ಸೋಮವಾರ, ಅದೇ ವರದಿಯ ಆಧಾರದ ಮೇಲೆ, ಇನ್ನೂ ನಲವತ್ತು ಮಂದಿಯ ಮಾತ್ರೆ ಬದಲಾಗಲಿದೆಯಂತೆ. ಅದನ್ನು ತಡೆಯಿರಿ. ಒಬ್ಬೊಬ್ಬರ ಕಡತವನ್ನೂ ತೆರೆದು ನೋಡಿಸಿ. ನಮ್ಮನ್ನೆಲ್ಲ ಮತ್ತೆ ಕರೆಸಿ, ಕೂರಿಸಿ, ಏನಾಗುತ್ತಿದೆ ಎಂದು ಬಾಯಿಬಿಟ್ಟು ಕೇಳಿ. ಇಲ್ಲವಾದರೆ ಸೋಮವಾರ ಬೆಳಗ್ಗೆ ಎಂಟಕ್ಕೆ ಔಷಧ ಕೌಂಟರಿನ ಮುಂದೆ ನಾನು ನಿಂತಿರುತ್ತೇನೆ. ಬಂದ ನಲವತ್ತು ಮಂದಿಗೂ ನನಗೇನಾಯಿತು, ನಾನೇನು ಮಾಡಿದೆ ಎಂಬುದನ್ನು ಹೇಳುತ್ತೇನೆ. ಕಾವಲಿನವರನ್ನು ಕರೆಸುವುದಾದರೆ ಕರೆಸಿ, ಅವರಿಗೂ ಹೇಳುತ್ತೇನೆ.

ಇಂತಿ,
ಬಾಯಿ ತೆರೆಯಲು ಐದು ತಿಂಗಳು ತೆಗೆದುಕೊಂಡ,
ತಮ್ಮ ಆಸ್ಪತ್ರೆಯ ಒಬ್ಬ ಹೊರರೋಗಿ