ತೋಡಿನಲ್ಲಿ ನೆನೆದ ಭಂಗಿ ಬೀಜ

ಮರ್ಕಂಜ, ಸುಳ್ಯ ಪೋಸ್ಟು
೧೪-೧೧-೧೯೫೮, ಶುಕ್ರವಾರ

ರಾಣಿಖೇತಿನಲ್ಲಿರುವ ನನ್ನವರಿಗೆ ಕಮಲಾವತಿಯ ನಮಸ್ಕಾರಗಳು.

ನಿಮ್ಮ ಹಿಮ್ಮಡಿಯ ಒಡಕು ಹೇಗಿದೆ? ಬೂಟು ಹಾಕಲು ಆಗುವುದಿಲ್ಲ ಎಂದು ಬರೆದಿದ್ದಿರಿ, ಅದನ್ನು ಓದಿದ ಮೇಲೆ ನಡೆಯುವಾಗಲೆಲ್ಲ ನನ್ನದೇ ಕಾಲು ನೋಯುತ್ತದೆ. ಪುನರ್ಪುಳಿ ಬೀಜದ ತುಪ್ಪ ಕಾಯಿಸಿ ಇಟ್ಟಿದ್ದೇನೆ, ಬಿಸಿ ಮಾಡಿ ಹಚ್ಚಿದರೆ ಎಂಟು ದಿನದಲ್ಲಿ ಗುಣವಾಗುತ್ತದೆ. ಮಿಲಿಟರಿ ಲಾರಿಯನ್ನು ನಿಧಾನ ಓಡಿಸಿ. ಆ ಗುಡ್ಡದ ತಿರುವುಗಳನ್ನು ನೀವು ವರ್ಣಿಸಿದ್ದು ಸಾಕು, ಇನ್ನು ಬರೆಯಬೇಡಿ. ಇಲ್ಲಿ ಎಲ್ಲರೂ ಸೌಖ್ಯ. ನಿಮ್ಮ ಅಣ್ಣ ದೇರಣ್ಣ ಭಾವ ಮತ್ತು ಓರಗಿತ್ತಿ ಅಕ್ಕ ಗದ್ದೆ ಕೊಯ್ಲಿನಲ್ಲಿದ್ದಾರೆ. ಕರಿ ದನ ಹೆಣ್ಣು ಕರು ಹಾಕಿದೆ. ಅತ್ತೆಯ ಮಂಡಿ ನೋವು ಮಳೆಯ ಜೊತೆಗೇ ಹೋಯಿತು, ಬಾಯಿ ಮಾತ್ರ ಮೊದಲಿನಂತೆಯೇ ಇದೆ.

ಸುದ್ದಿ ಹೇಳುವ ಮೊದಲು ಬೈಯುವುದನ್ನು ಬೈದುಬಿಡುತ್ತೇನೆ. ಕ್ವಾರ್ಟರ್ಸ್ ಸಿಕ್ಕಿತು, ಕಮಲಾವತಿಯನ್ನು ಕಳಿಸಿಕೊಡಿ ಎಂದು ಬರೆದ ಕಾಗದದಲ್ಲೇ, ಇಲ್ಲಿಯವರು ಭಂಗಿ ಬೀಜದ ಚಟ್ನಿ ಮಾಡುತ್ತಾರೆ, ನನಗೀಗ ಅದಿಲ್ಲದೆ ರೊಟ್ಟಿ ಇಳಿಯುವುದಿಲ್ಲ ಎಂದೂ ಬರೆಯುವ ಬುದ್ಧಿ ನಿಮಗೆ ಯಾರು ಕೊಟ್ಟರು? ಅತ್ತೆಗೆ ಕಾಗದ ಓದಿ ಹೇಳುವವಳು ನಾನು. ಒಂದು ಸಾಲು ಹಾರಿಸಿದರೂ ಅವರಿಗೆ ನನ್ನ ಮುಖದಲ್ಲೇ ಗೊತ್ತಾಗುತ್ತದೆ. ಹಾಗಾಗಿ ಓದಿದೆ. ಕ್ವಾರ್ಟರ್ಸಿನ ಸಂತೋಷ ಅರ್ಧ ನಿಮಿಷವೂ ಉಳಿಯಲಿಲ್ಲ. ನಿಮ್ಮ ಕುಕ್ಕಪ್ಪ ಮಾವ ಅಂದು ಜಗಲಿಯಲ್ಲೇ ಕೂತಿದ್ದರು. ಸುಬ್ರಹ್ಮಣ್ಯಕ್ಕೆ ಹೋಗುವ ಬೈರಾಗಿಗಳು ಭಂಗಿ ಸೇದಿ ಹುಣಸೆ ಮರವನ್ನೇ ಕುಶಲ ವಿಚಾರಿಸಿದ ಕಥೆಯನ್ನು ಅವರು ಬಾಯಿ ತುಂಬ ಹೇಳಿದರು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು, "ನನ್ನ ಹೈದ ಹಾಳಾದ. ಈ ಸೊಸೆ ಗೂಡೆಯನ್ನೂ ಕಳಿಸಿದ್ರೆ ಇಬ್ರೂ ಮರದ ಹತ್ರ ಮಾತಾಡಿಕೊಂಡು ಇರ್ತಾರೆ. ಇವಳು ಹೋಗುದು ಬೇಡ" ಎಂದು ತೀರ್ಮಾನ ಕೊಟ್ಟುಬಿಟ್ಟರು. ನಮಗೆ ಮದುವೆಯಾಗಿ ಎರಡು ವರ್ಷ, ಒಟ್ಟಿಗೆ ಇದ್ದದ್ದು ಎಪ್ಪತ್ತು ದಿನ. ಕೊಟ್ಟಿಗೆಗೆ ಹೋಗಿ ಕರಿ ದನದ ಕುತ್ತಿಗೆ ಹಿಡಿದುಕೊಂಡು ಅಳು ಮುಗಿಸಿ ಬಂದೆ.

ಅದರ ಮೇಲೆ ನಿಮ್ಮ ಜೊತೆ ಲಾರಿ ಓಡಿಸುವ ಕಡಬದ ಅಚ್ಚುತಣ್ಣ ರಜೆಗೆ ಬಂದವರು ಒಂದು ಸೇರು ಭಂಗಿ ಬೀಜದ ಗಂಟನ್ನೇ ತಂದು ಜಗಲಿಯಲ್ಲಿಟ್ಟರು! ಅಮಲು ಇರುವುದು ಎಲೆಯಲ್ಲಿ, ಬೀಜದಲ್ಲಿ ಏನೂ ಇಲ್ಲ, ಅಲ್ಲಿ ಸಣ್ಣ ಮಕ್ಕಳೂ ತಿನ್ನುತ್ತಾರೆ ಎಂದು ಪಾಪ ಬೆವರು ಸುರಿಸಿಕೊಂಡು ಹೇಳಿದರು. ಅತ್ತೆ ನಂಬಲಿಲ್ಲ. ಆದರೆ ಮಗ ಕಳಿಸಿದ್ದನ್ನು ಬಿಸಾಡಲಿಕ್ಕೂ ಕೈ ಬರಲಿಲ್ಲ. ಎರಡು ದಿನ ಗಂಟಿನ ಸುತ್ತ ಸುಳಿದಾಡಿ, ಕೊನೆಗೆ "ಕಣಿಲೆಯ ನಂಜು ಮೂರು ದಿನ ನೀರಲ್ಲಿ ಹಾಕಿದ್ರೆ ಹೋಗ್ತದೆ. ಇದರ ಅಮಲು ಹೋಗದೆ ಎಲ್ಲಿಗೆ ಹೋಗ್ತದೆ?" ಅಂದರು. ಎಳೆ ಬಿದಿರಿಗೆ ಮಾಡುವ ಉಪಚಾರವೇ ನಿಮ್ಮ ಬೀಜಕ್ಕೂ ಆಯಿತು. ಬಟ್ಟೆಯಲ್ಲಿ ಕಟ್ಟಿ, ತೋಡಿನ ಹರಿಯುವ ನೀರಿನಲ್ಲಿ ಕಲ್ಲಿಗೆ ಸಿಕ್ಕಿಸಿ ಇಟ್ಟರು. ಇಳಿದುಹೋಗುವ ಅಮಲನ್ನು ದನಗಳು ಕುಡಿಯಬಾರದೆಂದು ಕೆಳಗಡೆ ನನ್ನನ್ನು ಕಾವಲಿಗೆ ನಿಲ್ಲಿಸಿದರು. ನಾನು ಅಚ್ಚುತಣ್ಣ ಹೇಳಿದ ಹಾಗೆ ಹುರಿದು, ಅರೆದು, ಚಟ್ನಿ ಮಾಡಿ ಅವರ ಮನಸ್ಸು ತಿರುಗಿಸಬೇಕೆಂದಿದ್ದೆ. ಬೀಜವೆಲ್ಲ ಕೊಳೆತರೆ ನನ್ನ ರಾಣಿಖೇತೂ ಕೊಳೆತ ಹಾಗೆಯೇ ಎಂದು ಗಳಿಗೆಗೊಮ್ಮೆ ಹೋಗಿ ಗಂಟನ್ನು ಮೂಸಿ ನೋಡುತ್ತಿದ್ದೆ.

ಮೂರನೆಯ ಬೆಳಿಗ್ಗೆ ಗಂಟು ಬಿಚ್ಚಿದರೆ ಕೊಳೆತಿರಲಿಲ್ಲ ಮಾರಾಯ್ರೆ, ಮೊಳಕೆ ಬಂದಿತ್ತು! ಒಂದೊಂದು ಬೀಜಕ್ಕೂ ಒಂದೊಂದು ಬಿಳಿ ಬಾಲ. ಅತ್ತೆ ಬಹಳ ಹೊತ್ತು ಅಂಗೈಯಲ್ಲಿಟ್ಟು ನೋಡಿದರು. "ಇದು ನಮ್ಮ ಹೆಸರುಕಾಳಿನ ಹಾಗೇ ಉಂಟಲ್ಲ" ಅಂದವರೇ ಸೆರಗು ಸಿಕ್ಕಿಸಿದರು. ಆಮೇಲೆ ನನಗೆ ಅಡಿಗೆ ಕೋಣೆಯಲ್ಲಿ ಜಾಗವೇ ಇಲ್ಲ. ನೀರಿನಲ್ಲಿ ಉಜ್ಜಿ ತೇಲಿದ ಸಿಪ್ಪೆ ಚೆಲ್ಲಿದರು. ಕೊತ್ತಂಬರಿ, ಜೀರಿಗೆ, ಒಣಮೆಣಸು ಹುರಿದು ತೆಂಗಿನಕಾಯಿಯೊಂದಿಗೆ ಅರೆದು ಮೊಳಕೆಯ ಗಸಿ ಮಾಡಿದರು, ಬೆಳ್ಳುಳ್ಳಿ ಒಗ್ಗರಣೆ ಬೇರೆ. ಪರಿಮಳ ಗದ್ದೆಯವರೆಗೆ ಹೋಗಿ, ದೇರಣ್ಣ ಭಾವ ಕತ್ತಿ ಕೆಳಗಿಟ್ಟು ಬಂದರು.

ಆದರೆ ಯಾರಿಗೂ ಬಡಿಸಲಿಲ್ಲ. "ಎಂತ ಆಗುದಾದ್ರೂ ಮೊದಲು ನನಗೇ ಆಗಲಿ" ಎಂದು ಒಬ್ಬರೇ ಕೂತು ಗಂಜಿಗೆ ಹಾಕಿಕೊಂಡು ಉಂಡರು. ಆಮೇಲೆ ಅಮಲಿಗಾಗಿ ಕಾದರು. ಒಂದು ಗಂಟೆ ಕಳೆಯಿತು. ಕುಡಿದವರನ್ನು ಅವರು ಪರೀಕ್ಷೆ ಮಾಡುವುದು ತೋಡಿನ ಸಂಕದಲ್ಲಿ ಎಂದು ನಿಮಗೆ ಗೊತ್ತಲ್ಲ, ಆ ಎರಡು ಮರದ ಕಾಲುಸಂಕದಲ್ಲಿ ಯಾರ ಕಾಲು ತಪ್ಪಿದರೂ ಅವರಿಗೆ ಲೆಕ್ಕ ಸಿಗುತ್ತದೆ. ನಾವೆಲ್ಲ ಅಂಗಳದಲ್ಲಿ ನಿಂತಿರುವಾಗ ಅತ್ತೆ ಸೀರೆ ಎತ್ತಿ ಕಟ್ಟಿ ಸಂಕ ದಾಟಿದರು, ಆಚೆ ನಿಂತು ನಮ್ಮನ್ನು ನೋಡಿದರು, ತಿರುಗಿ ಬಂದರು. ನಂಬಿಕೆ ಸಾಲದೆ ಇನ್ನೊಮ್ಮೆ ಹೋಗಿ ಬಂದರು. ನಾನು ನಕ್ಕು ನಕ್ಕು ಅಂಗಳದಲ್ಲೇ ಕೂತುಬಿಟ್ಟೆ. "ನಗುದೆಂತ? ಬಡಿಸು" ಎಂದು ಗದರಿಸಿದರು. ಕುಕ್ಕಪ್ಪ ಮಾವ ಮೂರು ಸಲ ಹಾಕಿಸಿಕೊಂಡು, ಬೈರಾಗಿಗಳದ್ದು ಬೇರೆ ಜಾತಿಯ ಗಿಡ ಇರಬೇಕು ಅಂದರು.

ಇಷ್ಟಾದರೂ ನನ್ನ ವಿಷಯ ಎತ್ತಲಿಲ್ಲ. ಕೇಳಲು ನನಗೂ ಧೈರ್ಯವಿಲ್ಲ, ಬೇಡ ಎಂದರೆ ಅದು ಎರಡನೆಯ ಸಲದ ಬೇಡ ಆಗುತ್ತದೆ. ನಿನ್ನೆ ಭತ್ತ ಕುಟ್ಟುವಾಗ ಒನಕೆ ನಿಲ್ಲಿಸದೆಯೇ ಕೇಳಿದರು, "ಅಲ್ಲಿ ತೆಂಗಿನಕಾಯಿ ಸಿಗ್ತದಾ?" ಇಲ್ಲವಂತೆ ಎಂದೆ. "ಹಾಗಾದ್ರೆ ಹತ್ತು ಕಾಯಿ ಸುಲಿದು ಕಟ್ಟಿಕೋ. ಕಾಯಿ ಇಲ್ಲದೆ ಅವನಿಗೆ ಗಸಿ ಹೇಗೆ ಮಾಡಿ ಹಾಕ್ತೀ?" ಒನಕೆಯನ್ನು ಅಲ್ಲೇ ಒರಗಿಸಿ ಕಾಯಿ ಸುಲಿಯಲು ಹೋದೆ. ಅಷ್ಟು ಸಂತೋಷ ನನ್ನ ಜೀವಮಾನದಲ್ಲಿ ಆದದ್ದಿಲ್ಲ, ಮದುವೆಯ ದಿನವೂ ಇಲ್ಲ, ಅಂದು ನಿಮ್ಮ ಮುಖವನ್ನೇ ಸರಿಯಾಗಿ ನೋಡಿರಲಿಲ್ಲವಲ್ಲ. ಡಿಸೆಂಬರ್ ಎರಡಕ್ಕೆ ಅಚ್ಚುತಣ್ಣ ಹಿಂದೆ ಹೊರಡುತ್ತಾರೆ, ಅವರ ಜೊತೆ ಮಂಗಳೂರಿನಲ್ಲಿ ರೈಲು ಹತ್ತುತ್ತೇನೆ. ಅರೆಯುವ ಕಲ್ಲನ್ನು ಮಾತ್ರ ನೀವು ಈಗಲೇ ಹುಡುಕಿಡಿ.

ಅಣ್ಣನ ಮತ್ತು ಮಾವನ ಆಶೀರ್ವಾದಗಳು ನಿಮಗೆ ಸೇರಲಿ. ಅಲ್ಲಿಯ ಚಟ್ನಿ ಮಾಡುವವರಿಗೂ ನನ್ನ ನಮಸ್ಕಾರ ತಿಳಿಸಿ.

ಇನ್ನು ಹದಿನೆಂಟು ದಿನದಲ್ಲಿ ಹೊರಡುವ
ನಿಮ್ಮ ಕಮಲಾವತಿ

ವಿ. ಸೂ.: ಪೋಸ್ಟಿಗೆ ಹಾಕಲು ನೆರೆಮನೆಯ ಕಿಟ್ಟಣ್ಣ ಅಂಗಳದಲ್ಲಿ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಅತ್ತೆ ಈಗಷ್ಟೇ ತಮ್ಮ ಎರಡು ಸೀರೆ ಮಡಚಿ ನನ್ನ ಟ್ರಂಕಿನಲ್ಲಿಟ್ಟರು. ಅವರೂ ಬರುತ್ತಾರಂತೆ, ಮೂರು ತಿಂಗಳಿಗೆ. ಅಲ್ಲಿರುವುದು ಒಂದೇ ಕೋಣೆ ಎಂದೆ. "ನಂಗೆ ಒಲೆಯ ಹತ್ರ ಸಾಕು" ಅಂದರು. ತುಂಬ ಚಳಿ ಎಂದೆ. ಆಗ ಟ್ರಂಕಿನ ಮೇಲೆ ಕೈ ಇಟ್ಟು, "ನಿಂಗಾದ್ರೆ ಅವ ಗಂಡ. ನಂಗೆ ಎಂತ, ಬರೀ ಕಾಗದವಾ?" ಅಂದರು. ನಿಮ್ಮನ್ನು ಕೇಳಿ ಹೇಳುತ್ತೇನೆ ಎಂಬ ಮಾತು ನನ್ನ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಹೂಂ ಅಂದಾಗಿದೆ.