ಹೊಂಗೆ ಮರದ ಕೆಳಗಿನ ಪಾಠ

೫ ಮೇ ೧೯೭೪, ಭಾನುವಾರ

ಪೂಜೆ ಮುಗಿದ ಮೇಲೆ ಎಂದಿನಂತೆ ಚರ್ಚಿನೆದುರು ಹೊಂಗೆ ಮರದ ಕೆಳಗೆ ನನ್ನ ಪಾಠ. ಯೇಸುವಿನ ಸುವಾರ್ತೆ ಓದುವುದು, ಯಾರು ಏನು ಕೇಳಿದರೂ ಉತ್ತರಿಸುವುದು. ಇವತ್ತು — ಯೇಸು ಹಬ್ಬದ ದಿನ ದೇವಾಲಯದಲ್ಲೇ ನಿಂತು ಬೋಧಿಸಿದ್ದು, ಅವರನ್ನು ಹಿಡಿಯಲು ಅಲ್ಲಿನ ಯಾಜಕರು ಆಳು ಕಳಿಸಿದ್ದು. ಹಲಗೂರು ಬಸ್ಸಿಗೆ ಕಾಯುತ್ತಿದ್ದ ಮಾದಯ್ಯ ನಮ್ಮ ಮತದವನಲ್ಲ. ಅವನೂ ಬಂದು ಕುಳಿತ.

“ನಿಮ್ ದೇವ್ರನ್ನೂ ಪೂಜಾರಿಗಳೇ ಓಡುಸ್ಬುಟ್ರಾ ಮೇಷ್ಟ್ರೇ?”

“ಓಡಲಿಲ್ಲ ಮಾದಯ್ಯ. ಅದೇ ತೊಂದರೆಯಾಗಿದ್ದು.”

ಬಸ್ಸು ಬಂದು ಹೋಯಿತು. ಅವನು ಏಳಲಿಲ್ಲ.

ಮಗಳು ಆರೋಗ್ಯಮ್ಮನ ಮದುವೆ ಪ್ರಕಟಣೆಯನ್ನು ಇವತ್ತು ಪೂಜೆಯಲ್ಲಿ ಫಾದರ್ ಮೊದಲ ಸಲ ಓದಿದರು. ಮೂರು ಭಾನುವಾರ ಚರ್ಚಿನಲ್ಲಿ ಓದಿದ ಮೇಲೇ ಮದುವೆ.

೮ ಮೇ

ಫಾದರ್ ಕರೆಸಿದ್ದರು. ಪಕ್ಕದಲ್ಲಿ ಚರ್ಚ್ ಕಮಿಟಿಯ ಇನ್ನಾಸಪ್ಪ.

“ನೀವು ಹೇಳೋದು ತಪ್ಪು ಅಂತಲ್ಲ ಮೇಷ್ಟ್ರೇ. ಬೀದೀಲಿ ಯಾಕೆ? ಮನೇಲಿ ಬಾಗಿಲು ಹಾಕಿಕೊಂಡು ಹೇಳಿಕೊಡಿ. ಒಳಗೆ ನಾನು ಹೇಳಿದ್ದಕ್ಕೆ ಹೊರಗೆ ನಿಮ್ಮ ಹತ್ತಿರ ಪ್ರಶ್ನೆ ಕೇಳ್ತಾರೆ ಜನ.”

ಇನ್ನಾಸಪ್ಪ: “ಮಗಳ ಪ್ರಕಟ್ಣೆ ಇನ್ನೂ ಎಲ್ಡವೆ. ಗ್ಯಾನ ಇರ್ಲಿ.”

ಮೈ ಉರಿಯಿತು. ಚಿಕ್ಕವನಿದ್ದಾಗ ಇದೇ ಚರ್ಚಿನಲ್ಲಿ ಲ್ಯಾಟಿನ್ ಪೂಜೆಯ ಅರ್ಥ ಕೇಳಿದ್ದಕ್ಕೆ ಶಿಕ್ಷೆಯಾಗಿ ಮಂಡಿಯೂರಿದ್ದೇನೆ. ಈಗ ಪೂಜೆ ಕನ್ನಡದಲ್ಲಿದೆ... ಅರ್ಥ ಕೇಳುವುದು ಮಾತ್ರ ಇನ್ನೂ ಅಪರಾಧ. ಮರದ ಕೆಳಗೇ ಹೇಳುತ್ತೇನೆ ಎಂದು ಬಂದೆ.

೧೨ ಮೇ

ಫಾದರ್ ಎರಡನೆಯ ಪ್ರಕಟಣೆ ಓದಲಿಲ್ಲ. ಆರೋಗ್ಯ ತಲೆ ಎತ್ತಲಿಲ್ಲ. ಪಾಠ ಮಾಡಿದೆ. ಬಂದವರು ಕಡಿಮೆ.

ಹೆಂಡತಿ ಲೂರ್ದಮ್ಮ: “ನಿಮ್ ಹಟಕ್ಕೆ ನನ್ ಮಗ್ಳು ಬಲೀನೇನ್ರೀ?”

೧೫ ಮೇ

ಗಂಡಿನ ತಂದೆ ರಾಯಪ್ಪ ಮದ್ದೂರಿನಿಂದ ಬಂದಿದ್ದರು. ಕಾಫಿ ಮುಟ್ಟಲಿಲ್ಲ.

“ಬಾಗ್ಲಾಕಂಡು ಪಾಠ ಏಳುದ್ರೆ ದೇವ್ರಿಗೆ ಕೇಳಾಕಿಲ್ವಾ ಬೀಗ್ರೇ?”

“ದೇವರಿಗೆ ಕೇಳುತ್ತೆ. ಮಾದಯ್ಯನಿಗೆ ಕೇಳಲ್ಲ.”

“ಈ ಭಾನ್ವಾರ ಪ್ರಕಟ್ಣೆ ಓದ್ದೇ ಇದ್ರೆ ನಾವು ಬೇರೆ ಎಣ್ಣು ನೋಡ್ಬೇಕಾಯ್ತದೆ.” ಎದ್ದು ಹೋದರು.

೧೮ ಮೇ

ಸೋತೆ. ಬರೆಯಲೂ ನಾಚಿಕೆ. ಇನ್ನು ಮನೆಯಲ್ಲೇ ಪಾಠ, ಫಾದರಿಗೆ ಹೇಳಿ ಬರುತ್ತೇನೆ ಎಂದೆ. ಲೂರ್ದಮ್ಮ ಕಣ್ಣೊರೆಸಿಕೊಂಡಳು. ಅಕ್ಕಿ ಆರಿಸುತ್ತಿದ್ದ ಆರೋಗ್ಯ ಕೈ ನಿಲ್ಲಿಸಿದಳು.

“ನನ್ ಹೆಸ್ರು ಹೇಳಿ ಬಾಗ್ಲು ಹಾಕ್ಬೇಡಿ ಅಪ್ಪ. ಆಮೇಲೆ ಯಾವತ್ತು ತೆಗೀತೀರಿ?”

“ಮದುವೆ ಬೇಡವೇ?”

“ಬೇಕು.” ಮತ್ತೆ ಅಕ್ಕಿ ಆರಿಸತೊಡಗಿದಳು.

ಫಾದರ್ ಬಳಿ ಹೋಗಲಿಲ್ಲ. ಹೋಗುವುದೇ ಇಲ್ಲ ಎಂದೂ ಅಲ್ಲ...

೧೯ ಮೇ, ಬೆಳಿಗ್ಗೆ

ಪೂಜೆಯ ಮೊದಲ ಗಂಟೆ ಹೊಡೆದಾಯಿತು. ಈಗಲೂ ಹೋಗಿ ಒಪ್ಪಿಕೊಂಡರೆ ಇವತ್ತೇ ಓದುತ್ತಾರೆ.

ಆರೋಗ್ಯ ಹಬ್ಬದ ಸೀರೆಯುಟ್ಟು, ಕಂಕುಳಲ್ಲಿ ಚಾಪೆ ಇಟ್ಟುಕೊಂಡು, ಹೇಳದೆ ಹೊರಟಳು. ಕಿಟಕಿಯಿಂದ ಕಾಣುತ್ತಿದೆ. ಜನ ಪೂಜೆಗೆ ಬರುತ್ತಿದ್ದಾರೆ. ಎಲ್ಲರೆದುರು ಮರದ ಕೆಳಗೆ ಕಸ ಗುಡಿಸುತ್ತಿದ್ದಾಳೆ. ಇನ್ನಾಸಪ್ಪ ಏನೋ ಕೇಳಿದ. ತಲೆ ಎತ್ತಿ ಉತ್ತರ ಕೊಟ್ಟಳು — ಚಾಪೆ ಬಿಡಿಸಿ ಹಾಸಿದಳು.

ನಾನೂ ಮರದ ಕಡೆಗೆ ಹೊರಡಬೇಕು. ಲೂರ್ದಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಾಳೆ. ಸುವಾರ್ತೆ ಪುಸ್ತಕ ಅವಳ ಕೈಯಲ್ಲಿದೆ. ಕೊಡುತ್ತಾಳೋ —