ಅರ್ಪಣೆಯ ಪುಟದ ಹೆಸರು

ಗೌರಿಬಿದನೂರು
೧೨-೧೧-೨೦೦೭

ಪ್ರೀತಿಯ ಶುಭಾ,

ಹೇಗಿದ್ದೀಯಮ್ಮ? ಮೈಸೂರಿನ ಚಳಿಗೆ ನಿನ್ನ ಕೆಮ್ಮು ಜಾಸ್ತಿಯಾಗಿರಬೇಕು. ಕಷಾಯ ಕುಡಿ, ಮುಖ ಸಿಂಡರಿಸಬೇಡ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ನಿಮ್ಮಪ್ಪನ ಕುರ್ಚಿಯನ್ನು ಇನ್ನೂ ಜಗಲಿಯಿಂದ ಒಳಗೆ ತಂದಿಲ್ಲ. ತರಲು ಮನಸ್ಸು ಬರುವುದಿಲ್ಲ.

ಅಪ್ಪನ ಕೊನೆಯ ಕಾದಂಬರಿ ಅಚ್ಚಿಗೆ ಹೋಗುತ್ತಿದೆ, ಅರ್ಪಣೆಯ ಪುಟದಲ್ಲಿ ಗಂಗುಲಪ್ಪನವರ ಹೆಸರು ಬರೆದು ಅಪ್ಪನೇ ಹೊಡೆದುಹಾಕಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀಯ. ಒಂದೇ ಮಾತಿನಲ್ಲಿ ಹೇಳಲಾರೆ, ಸ್ವಲ್ಪ ತಾಳ್ಮೆಯಿಂದ ಓದು.

ಗಂಗುಲಪ್ಪನವರು ಕೆಂಚಾರ್ಲಹಳ್ಳಿಯಲ್ಲಿ ರೇಷ್ಮೆ ಹುಳ ಸಾಕುವವರು, ಓದಿನ ಹುಚ್ಚಿನವರು. ನೀನು ತೊಟ್ಟಿಲಲ್ಲಿದ್ದಾಗ ಅಪ್ಪನ ಮೊದಲ ಕಾದಂಬರಿ ಓದಿ ಒಂದು ಕಾರ್ಡು ಬರೆದರು: "ಸಾರ್, ನಿಮ್ಮ ಕಾದಂಬರಿಯ ಸೊಸೆ ತಾನಾಗಿ ಸತ್ತಿಲ್ಲ. ಕಥೆ ಮುಗಿಸಕ್ಕೆ ನೀವೇ ಸಾಯಿಸಿದೀರ." ನಿಮ್ಮಪ್ಪ ಕಾರ್ಡು ಹಿಡಿದು ನನ್ನ ಮೇಲೆ ಹಾರಾಡಿದರು, ಆಮೇಲೆ ತಣ್ಣಗಾಗಿ ಉತ್ತರ ಬರೆದರು. ಸ್ನೇಹ ಶುರುವಾದದ್ದು ಹಾಗೆ. ಅಲ್ಲಿಂದ ಅಪ್ಪ ಬರೆದದ್ದೇನೂ ಕೆಂಚಾರ್ಲಹಳ್ಳಿಗೆ ಹೋಗಿ ಬೈಸಿಕೊಂಡು ಬರದೆ ಅಚ್ಚಾಗಲಿಲ್ಲ. ಪ್ರಕಾಶಕರು ಕೈಬಿಟ್ಟ ವರ್ಷ ಗಂಗುಲಪ್ಪನವರು ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆ ಗೂಡಿನ ಜೊತೆ ಪುಸ್ತಕದ ಕಟ್ಟನ್ನೂ ಹೊತ್ತು, ಗೂಡು ಕೊಳ್ಳಲು ಬಂದವರ ಕೈಗೆಲ್ಲ ತುರುಕುತ್ತಿದ್ದರು. ಕನ್ನಡ ಓದಲು ಬಾರದವರೂ ದಾಕ್ಷಿಣ್ಯಕ್ಕೆ ಕೊಂಡರಂತೆ!

ಕೆಟ್ಟಿದ್ದು ಹೋದ ವರ್ಷ. ಚಿಂತಾಮಣಿಯಲ್ಲಿ ಅಪ್ಪನಿಗೆ ಸನ್ಮಾನ. ಗಂಗುಲಪ್ಪನವರೇ ಮಾತಾಡಬೇಕಿತ್ತು, ಬರಲಿಲ್ಲ. "ಹುಳ ಹಣ್ಣಾಗಿತ್ತು ಸಾರ್, ಚಂದ್ರಿಕೆಗೆ ಬಿಡ್ತಿದ್ವಿ" ಎಂದು ಕಾಗದ ಬಂತು. ಸೊಪ್ಪು ತಿನ್ನುವುದು ಬಿಟ್ಟು ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ಹೊತ್ತಿನಲ್ಲಿ ಸಾಕುವವರು ಮನೆ ಬಿಟ್ಟು ಕದಲುವುದಿಲ್ಲ. ಈ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು, ನಿಮ್ಮಪ್ಪನಿಗೂ ಗೊತ್ತಿತ್ತು. ಆದರೂ "ನನಗಿಂತ ಹುಳ ಹೆಚ್ಚಾಯ್ತೇನೇ ಅವನಿಗೆ?" ಎಂದು ಹೆಸರಿನ ಮೇಲೆ ಗೀಟು ಎಳೆದರು. ಊರಿಗೆಲ್ಲ ಬುದ್ಧಿ ಹೇಳುವ ಕಾದಂಬರಿಕಾರರು, ಮುನಿಸಿನಲ್ಲಿ ಹಾಲುಗಲ್ಲದ ಮಗು! ಆಮೇಲೆ ಬಂದ ಕಾಗದಗಳಿಗೆ ಉತ್ತರ ಹೋಗಲಿಲ್ಲ. ಕೊನೆಗೆ ಮನಸ್ಸು ಕರಗಿ, ಬರೆಯಲೆಂದು ಇನ್‌ಲ್ಯಾಂಡ್ ತರಿಸಿಟ್ಟುಕೊಂಡಿದ್ದರು. ಅಷ್ಟರಲ್ಲಿ ಎದೆನೋವು ಬಂತು.

ಅಪ್ಪ ಹೋದ ದಿನ ಗಂಗುಲಪ್ಪನವರೂ ಅವರ ಹೆಂಡತಿ ಅಕ್ಕಯ್ಯಮ್ಮನೂ ಬಂದದ್ದನ್ನು ನೀನೇ ನೋಡಿದೆ. ಗಂಗುಲಪ್ಪನವರು ಅಪ್ಪನ ಪಾದ ಹಿಡಿದು "ಒಂದು ಮಾತು ಬೈದಾದ್ರೂ ಹೋಗಬಾರದಿತ್ತಾ ಸಾರ್" ಎಂದು ಅತ್ತರಲ್ಲ, ಆ ದನಿ ನನ್ನ ಕಿವಿಯಲ್ಲೇ ಇದೆ. ಆದರೂ ಗೀಟು ಎಳೆದದ್ದು ಅಪ್ಪನ ಕೈ, ಅದನ್ನು ತೆಗೆ ಎನ್ನಲು ನನಗಿನ್ನೂ ಧೈರ್ಯ ಬರುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಳಿಯಂದಿರಿಗೂ ನಿನಗೂ ನನ್ನ ಆಶೀರ್ವಾದ. ಒಬ್ಬರ ಮೇಲೊಬ್ಬರು ಮುನಿಸಿಕೊಂಡು ಮಲಗಬೇಡಿ.

ನಿನ್ನ ಅಮ್ಮ,
ರಾಧಮ್ಮ

ವಿ.ಸೂ.: ಇದನ್ನು ಅಂಟಿಸುವಷ್ಟರಲ್ಲಿ ಅಕ್ಕಯ್ಯಮ್ಮ ಬಂದು ಹೋದರು. ಅಪ್ಪ ಹೋದ ದಿನವೂ ಅವರ ಹುಳ ಹಣ್ಣಾಗಿತ್ತಂತೆ. ಸಾವಿನ ಮನೆಗೆ ಹೋದವರು ಹುಳದ ಮನೆ ಹೊಗುವಂತಿಲ್ಲ ಎಂದು ಗೊತ್ತಿದ್ದೂ ಬಂದರು. ವಾಪಸು ಹೋಗಿ ಇಬ್ಬರೂ ಬಾಗಿಲ ಹೊರಗೇ ಕೂತರು. ಒಳಗೆ ಹುಳಗಳು ಚಂದ್ರಿಕೆಗೆ ಬಿಡುವವರಿಲ್ಲದೆ ತಟ್ಟೆಯ ಸೊಪ್ಪಿನ ಕಸದಲ್ಲೇ ಗೂಡು ಕಟ್ಟಿ ಬೆಳೆಯೆಲ್ಲ ಹಾಳಾಯಿತು. "ನಿಮಗೆ ಹೇಳಬಾರದು ಅಂದಿದ್ರು ನಮ್ಮೋರು ಅಕ್ಕಾ" ಎಂದು ಕಣ್ಣೊರೆಸಿಕೊಂಡರು. ನಿಮ್ಮಪ್ಪ ಕೇಳಿದ ಪ್ರಶ್ನೆಗೆ ಉತ್ತರ ಬಂದಿದೆ, ಕೇಳಿಸಿಕೊಳ್ಳಲು ಅವರಿಲ್ಲ. ಗೀಟು ತೆಗೆದು ಹೆಸರು ಅಚ್ಚು ಹಾಕಿಸು.